ಖಾಜಾಹುಸೇನರ ಟಂಟಂನಲ್ಲಿ ಒಂದು ಸೀಟು ಖಾಲಿ

ಸುರಪುರದ ಸ್ಟ್ಯಾಂಡಿನಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಚಹಾದಂಗಡಿಯ ಸ್ಟೋವಿಗೆ ಆಗಷ್ಟೇ ಗಾಳಿ ಹೊಡೆಯುತ್ತಿದ್ದಾರೆ. ಖಾಜಾಹುಸೇನರು ಹಳೇ ಲುಂಗಿಯ ತುಂಡೊಂದನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ತಮ್ಮ ಮೂರು ಗಾಲಿಯ ಟಂಟಂ ಒರೆಸುತ್ತಿದ್ದಾರೆ. ಮೊದಲು ಗಾಜು, ಆಮೇಲೆ ಹಿಂದಿನ ಎದುರುಬದುರು ಸೀಟು, ಕೈ ಹಿಡಿಯುವ ಸರಳು. ಕಡೆಗೆ ಚಾಲಕನ ಪಕ್ಕದ ಸಣ್ಣ ಸೀಟು. ಅಲ್ಲಿಗೆ ಬಂದಾಗ ಕೈ ತುಸು ನಿಧಾನವಾಗುತ್ತದೆ. ಒರೆಸಿದ ಮೇಲೆ ಹೂವಿನ ಚಿತ್ತಾರದ ದುಪ್ಪಟಿಯೊಂದನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಹಾಸುತ್ತಾರೆ.

ಹೊಳೆ ನೋಡಲು ಹೊರಟವರು ಒಬ್ಬೊಬ್ಬರಾಗಿ ಬಂದು ಹಿಂದೆ ತುಂಬಿಕೊಳ್ಳುತ್ತಾರೆ. ಗುರುಮಠಕಲ್ ಕಡೆಯ ಒಂದು ಕುಟುಂಬ, ದೋರನಹಳ್ಳಿಯ ಇಬ್ಬರು ಮಾಸ್ತರರು. ಅವರಲ್ಲಿ ದಪ್ಪಗಿರುವ ಮಾಸ್ತರರು ಮುಂದೆ ಕೂರಲು ಕಾಲಿಡುತ್ತಾರೆ.

"ಅಲ್ಲಿ ಬ್ಯಾಡ್ರಿ ಸರ್, ಹಿಂದ ಬರ್ರಿ. ಆ ಸೀಟು ಬುಕ್ ಐತಿ."

"ಯಾರೂ ಕಾಣವಲ್ರಲ್ಲಪಾ?"

"ಬರೋರದಾರ್ರಿ."

ಪಕ್ಕದ ಟಂಟಂನ ಬಸಲಿಂಗ ಇಂಥ ಸಂದರ್ಭಕ್ಕೇ ಕಾದಿದ್ದವನು. "ಒಂದ ವಾರಾತು, ಬರೋರು ಬರಾಕs ಹತ್ಯಾರ! ಮಾಮಾ, ಆ ಸೀಟಿಗೆ ದಿನಾ ಎರಡು ಊದಿನಕಡ್ಡೀನೂ ಹಚ್ಚಿಬಿಡು."

"ನೀ ನಿನ್ನ ಹಿಂದಿನ ಟೈರಿಗೆ ಹಚ್ಚು. ಅದು ಸತ್ತು ಮೂರು ದಿನ ಆಗೈತಿ."

ಸ್ಟ್ಯಾಂಡೆಲ್ಲ ನಗುತ್ತದೆ. ಖಾಜಾಹುಸೇನರೂ ನಗುತ್ತಾರೆ. ಆದರೆ ಎಲ್ಲರಿಗಿಂತ ಮೊದಲು ನಗು ನಿಲ್ಲಿಸಿ, ಕಿಕ್ ಹೊಡೆಯುತ್ತಾರೆ.

ಆ ಸೀಟಿನಲ್ಲಿ ಕೂರಬೇಕಾದವರು ಅವರ ಹೆಂಡತಿ ಮಕ್ತುಂಬಿ. ಕೂರುವುದಿಲ್ಲ ಅಂದಿದ್ದಾರೆ. ಅಂದಿದ್ದಾರೆ ಎನ್ನುವುದೂ ತಪ್ಪೇ. ಹೋದ ಶುಕ್ರವಾರದಿಂದ ಅವರು ಗಂಡನೊಂದಿಗೆ ಏನನ್ನೂ ಅಂದಿಲ್ಲ. ಬೆಳಗ್ಗೆ ಬುತ್ತಿ ಕಟ್ಟಿ ಹೊಸ್ತಿಲ ಮೇಲೆ ಇಡುತ್ತಾರೆ. ರೊಟ್ಟಿ ಎಂದಿನ ಹಾಗೆ ತೆಳ್ಳಗಿರುತ್ತದೆ, ಶೇಂಗಾಹಿಂಡಿಯೂ ಇರುತ್ತದೆ. ಮಾತು ಮಾತ್ರ ಇರುವುದಿಲ್ಲ.

ನಾರಾಯಣಪುರದ ಅಣೆಕಟ್ಟು ದಾಟಿದ ಮೇಲೆ ಕೃಷ್ಣೆ ಬಯಲಿನ ಹೊಳೆಯಾಗಿ ಉಳಿಯುವುದಿಲ್ಲ. ಕಲ್ಲಿನ ನಡುವೆ ಇಳಿದು, ಇಕ್ಕಟ್ಟಿನಲ್ಲಿ ಮೈ ಹಿಂಡಿಕೊಂಡು ಹೋಗುತ್ತಾಳೆ. ಮಳೆಗಾಲದಲ್ಲಿ ಗೇಟು ತೆಗೆದರೆ ಕೆಂಪು ನೀರು ಬಂಡೆಗೆ ಬಡಿದು ಹೊಗೆಯಂತೆ ಏಳುತ್ತದೆ. ಆ ಕಮರಿಯ ಅಂಚಿಗೆ ಒಂದು ಕಿರಿದಾದ ರಸ್ತೆ, ರಸ್ತೆಯುದ್ದಕ್ಕೆ ನಿಂತು ನೋಡುವ ಮೂರು ಜಾಗ. ಖಾಜಾಹುಸೇನರ ಅನ್ನ ಇರುವುದು ಆ ಮೂರು ಜಾಗದಲ್ಲಿ. ಶಹಾಪುರದ ಮಾರುಕಟ್ಟೆಯಲ್ಲಿ ಚೀಲ ಹೊತ್ತು, ಲಾರಿಯಲ್ಲಿ ಕ್ಲೀನರ್ ಆಗಿ, ಕಡೆಗೆ ಯಾರೋ ಕೈಬಿಟ್ಟ ಟಂಟಂ ಕೊಂಡು ಈ ದಾರಿಗೆ ಬಿದ್ದವರು. ಮಳೆಗಾಲ ಮುಗಿದರೆ ಇದೇ ಟಂಟಂನಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳನ್ನೂ ಮೆಣಸಿನಕಾಯಿ ಚೀಲಗಳನ್ನೂ ಹೇರುತ್ತಾರೆ. ಚೀಲ ಹೊತ್ತ ಕಾಲದ ಸೊಂಟನೋವು ಈಗ ಕ್ಲಚ್ ಒತ್ತುವಾಗ ಬಂದು ಮಾತಾಡಿಸುತ್ತದೆ.

ನೋಡುವ ಜಾಗಕ್ಕೆ ಬಂದಾಗ ಅವರದೊಂದು ಪದ್ಧತಿಯಿದೆ. ಟಂಟಂನ ಬೆನ್ನು ಹೊಳೆಗೆ ಬರುವಂತೆ ತಿರುಗಿಸಿ, ಗಾಲಿಗೆ ಕಲ್ಲು ಕೊಟ್ಟು, ಇಂಜಿನ್ ಬಂದ್ ಮಾಡುತ್ತಾರೆ. ಯಾರನ್ನೂ ತಕ್ಷಣ ಇಳಿಸುವುದಿಲ್ಲ. "ಇಂಜಿನ್ ಆರಲಿ ತಡೀರಿ. ಇದು ಬಾಯಿ ಮುಚ್ಚಿದ ಮ್ಯಾಲ ಹೊಳಿ ಬಾಯಿ ತಗಿತೈತಿ." ಅವಸರದ ಹುಡುಗರೂ ಆ ಮಾತಿಗೆ ಸುಮ್ಮನಾಗುತ್ತಾರೆ. ಲೋಹ ಟಿಕ್ ಟಿಕ್ ಎಂದು ತಣಿಯುತ್ತಿದ್ದಂತೆ ಕೆಳಗಿನಿಂದ ನೀರಿನ ಗದ್ದಲ ಮೇಲೇರಿ ಬರುತ್ತದೆ. ಆಮೇಲೆ ಜಾಗದ ಹೆಸರು ಹೇಳುತ್ತಾರೆ.

ಮೊದಲನೆಯದು ಮುನಿಸಿನ ಸೊಸಿ. ಸಾಲಾಗಿ ಹೊಳೆಗೆ ಮುಖ ಮಾಡಿ ನಿಂತ ಬಂಡೆಗಳ ನಡುವೆ ಒಂದೇ ಒಂದು ಬೆನ್ನು ತಿರುಗಿಸಿ ಕೂತಿದೆ, ಅತ್ತೆಯ ಮೇಲೆ ಸಿಟ್ಟಾದವಳ ಹಾಗೆ. ಎರಡನೆಯದು ಕುದಿಯೋ ಗಡಿಗಿ. ಬಂಡೆಯ ಪೊಟರೆಗೆ ನೀರು ನುಗ್ಗಿ ಒಳಗೇ ಕೊತಕೊತ ಸದ್ದು ಮಾಡುತ್ತದೆ. ಮೂರನೆಯದು ಗೌಸಜ್ಜನ ಟೊಪಿಗಿ. ನಡುಹೊಳೆಯಲ್ಲಿ ತಲೆ ಎತ್ತಿರುವ ಗುಂಡುಕಲ್ಲು, ಮೇಲುಭಾಗ ಬೆಳ್ಳಗೆ, ಮುದುಕರು ಹಾಕುವ ಟೊಪ್ಪಿಗೆಯ ಹಾಗೆ. ಟೊಪ್ಪಿಗೆ ಮುಳುಗಿತೆಂದರೆ ನೀರು ಏರುತ್ತಿದೆ ಎಂದರ್ಥ, ಕೆಳಗಿನ ಕಲ್ಲುಗಳ ಮೇಲೆ ಮೇಯುವ ಆಡುಗಳನ್ನು ಕೂಗಿ ಕರೆಯಬೇಕು.

"ಯಾರಿಟ್ಟ ಹೆಸರು?" ಎಂದು ಬಂದವರು ಕೇಳುತ್ತಾರೆ. "ಹಿಂದಿನೋರು ಇಟ್ಟದ್ದರಿ" ಎಂದು ಇವರು ಹೇಳುತ್ತಾ ಬಂದಿದ್ದಾರೆ.

ಹಿಂದಿನವರು ಯಾರೂ ಇಡಲಿಲ್ಲ. ಆ ಹೆಸರುಗಳು ಇಬ್ಬರು ಹುಡುಗಿಯರವು. ಕಮರಿಯ ದಂಡೆಯ ಪುಟ್ಟ ಊರಿನಲ್ಲಿ ಆಡು ಕಾಯುತ್ತಿದ್ದ ಮಕ್ತುಂಬಿ, ಆಕೆಯ ಗೆಳತಿ ಭಾಗಮ್ಮ. ಹೊತ್ತು ಕಳೆಯಲು ಕಲ್ಲುಗಳಿಗೆ ಹೆಸರಿಟ್ಟರು, ಜಗಳ ಹಚ್ಚಿದರು, ರಾಜಿ ಮಾಡಿಸಿದರು. ಮದುವೆಯಾಗಿ ಸುರಪುರದ ರಂಗಂಪೇಟೆಗೆ ಬಂದ ಮಕ್ತುಂಬಿ ಹೊಸ ಗಂಡನಿಗೆ ರೊಟ್ಟಿ ಬಡಿಯುತ್ತಾ ಆ ಕಲ್ಲುಗಳ ಸಂಸಾರ ಹೇಳುತ್ತಿದ್ದರು. ಮನೆಯ ಉಳಿದ ಮಾತೆಲ್ಲ ದಖ್ಖನಿಯಲ್ಲಿ, ಕಲ್ಲುಗಳ ಮಾತು ಮಾತ್ರ ಭಾಗಮ್ಮನ ಕನ್ನಡದಲ್ಲಿ. ಮುಂದೆ ಖಾಜಾಹುಸೇನರು ಅದೇ ದಾರಿಗೆ ಟಂಟಂ ಹಚ್ಚಿದಾಗ, ಹೇಳಲು ಬೇರೆ ಕತೆ ಹುಡುಕಬೇಕಾಗಲಿಲ್ಲ.

ತವರಿನಲ್ಲಿ ಅಪ್ಪ ತೀರಿಕೊಂಡರು. ಆಡು ಮಾರಿದರು, ತಮ್ಮ ಜಲಾಲುದ್ದೀನ ಶಹಾಪುರ ಸೇರಿದ. ಹೊಳೆಯ ಕಡೆ ಹೋಗಲು ಮಕ್ತುಂಬಿಗೆ ನೆಪ ಉಳಿಯಲಿಲ್ಲ. ಪ್ರತಿ ಮಳೆಗಾಲ ಗೇಟು ತೆಗೆದ ಸುದ್ದಿ ಬಂದಾಗ, "ನನ್ನೂ ಒಂದಿನ ಕರಕೊಂಡ ಹೋಗ್ರಿ" ಅನ್ನುತ್ತಿದ್ದರು. "ಈಗ ಸೀಜನ್ ಐತಿ, ಸೀಟು ತುಂಬತಾವು. ಜನ ಕಮ್ಮಿ ಆಗಲಿ" ಎಂದು ಇವರು. ಜನ ಕಡಿಮೆಯಾದಾಗ ಹೊಳೆಯಲ್ಲಿ ನೀರೂ ಕಡಿಮೆಯಾಗಿರುತ್ತಿತ್ತು. ಊರವರಿಗೆಲ್ಲ ಹೊಳೆ ತೋರಿಸಿದ ಮನುಷ್ಯ ಹೊಳೆಯ ಮಗಳನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋದರು.

ಎರಡು ವರ್ಷದ ಹಿಂದೆ ದಾರಿಗೆ ಡಾಂಬರು ಬಿತ್ತು. ಬೋರ್ಡು ನೆಡಲು ಗುತ್ತಿಗೆದಾರನ ಕಡೆಯಿಂದ ಚೇತನಕುಮಾರ ಎಂಬ ಯುವಕ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟೇಪು. ನಯವಾಗಿಯೇ ಕೇಳಿದ: "ಅಂಕಲ್, ದಿನಾ ಓಡಾಡೋರು ನೀವು. ಈ ಜಾಗಗಳಿಗೆ ಹೆಸರು ಏನಾದ್ರೂ ಇದಾವಾ?"

ಖಾಜಾಹುಸೇನರ ಬಾಯಿಗೆ ಹೆಸರು ಬಂದಿತ್ತು. ಅಷ್ಟರಲ್ಲಿ ಏನೋ ಅಡ್ಡ ಬಂತು. ಮುನಿಸಿಕೊಂಡ ಸೊಸೆ, ಗಡಿಗೆ, ಅಜ್ಜನ ಟೊಪ್ಪಿಗೆ. ಸರ್ಕಾರದ ಬೋರ್ಡಿನ ಮೇಲೆ ಬರೆಸುವ ಮಾತೇ ಇವು? ಯಾರಿಟ್ಟರು ಎಂದು ಕೇಳಿದರೆ, ಆಡು ಕಾಯುವ ಹುಡುಗಿ, ಈಗ ನನ್ನ ಮನೆಯಲ್ಲಿ ರೊಟ್ಟಿ ಬಡಿಯುತ್ತಾಳೆ ಅನ್ನಬೇಕೆ?

"ಹೆಸರು ಎಲ್ಲೀವ್ರಿ ಸಾಹೇಬ್ರ," ಅಂದರು. "ನೋಡೋ ಜಾಗಾ, ಅಷ್ಟ."

ಬೋರ್ಡು ಬಂದಾಗ ಅದರ ಮೇಲೆ ಅವರ ಮಾತೇ ಶುದ್ಧವಾಗಿ ಕೂತಿತ್ತು. ವೀಕ್ಷಣಾ ಸ್ಥಳ ೧. ವೀಕ್ಷಣಾ ಸ್ಥಳ ೨. ವೀಕ್ಷಣಾ ಸ್ಥಳ ೩.

ಅವತ್ತು ಮನೆಗೆ ಬಂದಾಗ ಮಕ್ತುಂಬಿ ಬಾಗಿಲಲ್ಲೇ ಕೇಳಿದರು: "ಬೋರ್ಡ್ ಹಾಕ್ಯಾರಂತಲ್ಲ, ನಮ್ಮ ಹೆಸರು ಕೇಳಿದ್ರೇನು?"

"ಕೇಳಿದ್ರು. ಅವನ್ನs ಬರದಾರ."

ಆಕೆಯ ಮುಖ ಅರಳಿದ್ದನ್ನು ನೋಡಿದ ಮೇಲೆ ಆ ಮಾತು ಹಿಂದೆ ತೆಗೆದುಕೊಳ್ಳಲಾಗಲಿಲ್ಲ ಎಂದು ಅವರೇ ಹೇಳುತ್ತಾರೆ. ಓಣಿಯ ಹೆಂಗಸರಿಗೆಲ್ಲ ಸುದ್ದಿ ಹೋಯಿತು. ಆಮೇಲೆ ಹೊಳೆಗೆ ಕರೆದೊಯ್ಯದಿರಲು ಖಾಜಾಹುಸೇನರಿಗೆ ಸೀಜನ್ನಿಗಿಂತ ದೊಡ್ಡ ಕಾರಣವೇ ಸಿಕ್ಕಿಬಿಟ್ಟಿತು.

ಈ ವರ್ಷ ಮಕ್ತುಂಬಿಯ ಮೊಣಕಾಲು ಬಾತು, ಮೆಟ್ಟಿಲು ಹತ್ತುವುದು ಕಷ್ಟವಾಯಿತು. "ಇನ್ನೊಂದ ಮಳಿಗಾಲಕ್ಕ ನಾ ನಡೀತೀನೋ ಇಲ್ಲೋ" ಅಂದಾಗ ಖಾಜಾಹುಸೇನರಿಗೆ ತಡೆಯಲಾಗಲಿಲ್ಲ. ಮಕ್ತುಂಬಿಗೆ ಅಕ್ಷರ ಬರುವುದಿಲ್ಲವಲ್ಲ ಎಂಬ ಧೈರ್ಯವೂ ಒಳಗೊಳಗೆ ಇತ್ತು. ಹೋದ ಶುಕ್ರವಾರ ಒಂದೂ ಸೀಟು ಹತ್ತಿಸದೆ, ಮಕ್ತುಂಬಿಯನ್ನು ಮುಂದೆ ಕೂರಿಸಿಕೊಂಡು, ಸೊಸೆ ಅಂಜುಮ್‌ಳನ್ನು ಹಿಂದೆ ಕೂರಿಸಿಕೊಂಡು ಹೊರಟರು. ಅಂಜುಮ್ ಪಿಯುಸಿ ಓದಿದ ಹುಡುಗಿ ಎಂಬುದು ದಾರಿಯಲ್ಲಿ ನೆನಪಾಯಿತು.

ಮೊದಲನೇ ಜಾಗದಲ್ಲಿ ಕಲ್ಲು ಕೊಟ್ಟು ಇಂಜಿನ್ ಆರಿಸಿದರು. ಮಕ್ತುಂಬಿ ಇಳಿದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಹಳ ಹೊತ್ತು ಬಂಡೆ ನೋಡಿದರು. "ಇನ್ನೂ ಸಿಟ್ಟು ಇಳದಿಲ್ಲ ನೋಡು ಈಕೀದು" ಎಂದು ನಕ್ಕರು. ಆಮೇಲೆ ಬೋರ್ಡಿನ ಕಡೆ ತಿರುಗಿದರು. "ಏನ್ ಬರದಾರ?"

"ಮುನಿಸಿನ ಸೊಸಿ" ಎಂದು ಖಾಜಾಹುಸೇನರು ಓದಿದರು. ಅಂಜುಮ್ ಬೋರ್ಡು ನೋಡಿದಳು, ಮಾವನನ್ನು ನೋಡಿದಳು, ಕಾಲ ಬಳಿಯ ಹುಲ್ಲು ನೋಡತೊಡಗಿದಳು.

ಎರಡನೆಯ ಜಾಗದಲ್ಲಿ ಮಕ್ತುಂಬಿ, "ಇವ್ರ ಕಣ್ಣಾಗ ಪೊರಿ ಬಂದೈತಿ. ಅಂಜುಮ್, ನೀ ಓದಬೇ" ಅಂದರು.

ಅಂಜುಮ್ ಬೋರ್ಡಿನ ಮೇಲಿನ ನೀರಹನಿಗಳನ್ನು ಅಂಗೈಯಿಂದ ಒರೆಸಿದಳು. "ಕುದಿಯೋ ಗಡಿಗಿ ಅಂತ ಐತಿ ಅಮ್ಮಿ" ಅಂದಳು ಕಡೆಗೆ. ಆ ಹೆಸರು ಅವಳು ಅತ್ತೆಯ ಬಾಯಿಂದಲೇ ಕೇಳಿದ್ದು.

ಮೂರನೆಯ ಜಾಗದಲ್ಲಿ ಮಕ್ತುಂಬಿ ಏನೂ ಕೇಳಲಿಲ್ಲ. ಕುಂಟುತ್ತಾ ಬೋರ್ಡಿನ ಬಳಿ ಹೋಗಿ, ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಮೂರರ ಮ್ಯಾಲೂ ಒಂದ ನಮೂನಿ ಬರದಾರ. ಕಡೀದೊಂದ ಬ್ಯಾರೆ. ನನಗ ಓದಾಕ ಬರೂದಿಲ್ಲ ಖರೆ. ಆದರ ಆಡು ಕಾಯ್ದಾಕಿ ನಾ. ಒಂದ ಬಣ್ಣದ ನೂರು ಆಡಿನಾಗ ನಮ್ಮದ್ಯಾವ್ದು ಅಂತ ಗುರ್ತ ಹಿಡದಾಕಿ." ಗಂಡನ ಕಡೆ ತಿರುಗಿ ಕೇಳಿದರು: "ಅವ್ರು ಕೇಳಿದ್ದು ಖರೆ ಏನು?"

"ಖರೆ."

"ನೀವೇನಂದ್ರಿ?"

"ನೋಡೋ ಜಾಗಾ ಅಂದೆ."

"ನಾಚಿಕಿ ಬಂತೇನು ನನ್ನ ಹೆಸರಿಗೆ?"

ಖಾಜಾಹುಸೇನರು ಗಾಲಿಯ ಕೆಳಗಿನ ಕಲ್ಲು ತೆಗೆಯಲು ಬಗ್ಗಿದರು. "ಈ ಹುಡುಗಿ ಬಾಯಾಗೂ ಸುಳ್ಳು ಹಾಕಿಸಿದ್ರಿ" ಎಂದವರೇ ಮಕ್ತುಂಬಿ ಟಂಟಂ ಕಡೆ ನಡೆದರು. ಮುಂದೆ ಕೂರಲಿಲ್ಲ. ಹಿಂದಿನ ಸೀಟಿನಲ್ಲಿ, ಗಂಡನಿಗೆ ಬೆನ್ನು ಮಾಡಿ ಕೂತರು. ಕನ್ನಡಿಯಲ್ಲಿ ಆ ಬೆನ್ನು ಸುರಪುರದವರೆಗೂ ಕಾಣುತ್ತಿತ್ತು. ಗೌಸಜ್ಜನ ಟೊಪ್ಪಿಗೆಯನ್ನು ಆಕೆ ಕಣ್ಣೆತ್ತಿ ನೋಡಲೇ ಇಲ್ಲ ಎಂಬುದು ಖಾಜಾಹುಸೇನರಿಗೆ ನೆನಪಾದದ್ದು ಮನೆ ಮುಟ್ಟಿದ ಮೇಲೆ.

ಆ ಕನ್ನಡಿಯಲ್ಲಿ ಇವತ್ತು ಮಾಸ್ತರರ ಮುಖವಿದೆ. ಬಿಸಿಲು ಬಂಡೆಗಳ ನೆತ್ತಿ ಮುಟ್ಟುವ ಹೊತ್ತಿಗೆ ಟಂಟಂ ಮೊದಲನೇ ಜಾಗಕ್ಕೆ ಬರುತ್ತದೆ. ಬೆನ್ನು ತಿರುಗಿಸಿ, ಕಲ್ಲು ಕೊಟ್ಟು, ಇಂಜಿನ್ ಆರುವವರೆಗೆ ಎಲ್ಲರೂ ಕಾಯುತ್ತಾರೆ. ಕೆಳಗೆ ಹೊಳೆ ಬಾಯಿ ತೆಗೆಯುತ್ತದೆ.

"ವೀಕ್ಷಣಾ ಸ್ಥಳ ಒಂದು" ಎಂದು ದಪ್ಪ ಮಾಸ್ತರರು ದೊಡ್ಡ ದನಿಯಲ್ಲಿ ಓದುತ್ತಾರೆ.

"ಹಂಗ ಬರದಾರ್ರಿ ಸರ್. ಹೆಸರು ಅದಲ್ಲ. ಮುನಿಸಿನ ಸೊಸಿ ಅಂತ."

"ಅರೇ, ಚಲೋ ಐತಲ್ಲ! ಹಿಂದಿನೋರು ಇಟ್ಟಿರಬೇಕು."

ಖಾಜಾಹುಸೇನರು ಬಗ್ಗಿ ಗಾಲಿಯ ಕೆಳಗಿನ ಕಲ್ಲನ್ನು ಮತ್ತೊಮ್ಮೆ ಒತ್ತುತ್ತಾರೆ. ಅದು ಗಟ್ಟಿಯಾಗಿಯೇ ಇದೆ. ಸೊಂಟ ಹಿಡಿದುಕೊಂಡು ಮೇಲೇಳುತ್ತಾರೆ.

"ಹಿಂದಿನೋರಲ್ರಿ. ನಮ್ಮ ಮನ್ಯಾಕಿ ಇಟ್ಟದ್ದು. ಮಕ್ತುಂಬಿ ಅಂತ ಹೆಸರು. ಇಲ್ಲೇ ಆಡು ಕಾಯ್ತಿದ್ಲು."

ಗುರುಮಠಕಲ್ಲಿನ ಹೆಂಗಸು ಬಂಡೆಯನ್ನು ನೋಡಿ ನಗುತ್ತಾಳೆ. "ಅಕ್ಕನ್ನೂ ಕರಕೊಂಡ ಬರಬೇಕಿತ್ತಣ್ಣಾ. ಆಕಿ ಬಾಯಿಲೇ ಕೇಳತಿದ್ವಿ."

"ಬರಬೇಕಿತ್ತವ್ವ" ಎನ್ನುತ್ತಾರೆ ಖಾಜಾಹುಸೇನರು. "ಎಂದೋ ಕರಕೊಂಡ ಬರಬೇಕಿತ್ತು."

ಬಂದವರು ಬಂಡೆಯ ಮುಂದೆ ನಿಂತು ಫೋಟೊ ತೆಗೆದುಕೊಳ್ಳುತ್ತಾರೆ. ಖಾಜಾಹುಸೇನರಿಗೆ ಬೇಕಾದದ್ದು ಇಷ್ಟೇ: ಗೇಟು ಮುಚ್ಚುವುದರೊಳಗೆ ಒಂದು ಸಲ ಮಕ್ತುಂಬಿ ಇಲ್ಲಿಗೆ ಬರಬೇಕು. "ಬೋರ್ಡ್ ಬದಲ ಮಾಡಸಾಕ ನನ್ನ ಕೈಲೆ ಆಗೂದಿಲ್ರಿ. ಬಾಯಿಲೇ ಕೆಡಿಸೇನಿ, ಬಾಯಿಲೇ ತಿದ್ದಬೇಕು. ನಾಕು ಮಂದಿ ಮುಂದ ನಾ ಆಕಿ ಹೆಸರು ಹೇಳೂದು ಆಕಿ ಕಿವಿಗೆ ಬಿದ್ದರ ಸಾಕು. ಆಮ್ಯಾಲ ಮಾತಾಡ್ಲಿ, ಬಿಡ್ಲಿ."

ಕಮರಿಯಿಂದ ಗಾಳಿ ಏಳುತ್ತದೆ. ಮುಂದಿನ ಸೀಟಿನ ದುಪ್ಪಟಿಯ ಅಂಚು ಹಾರತೊಡಗುತ್ತದೆ. ಖಾಜಾಹುಸೇನರು ಹೋಗಿ ಮಡಿಕೆ ಸರಿಮಾಡುತ್ತಾರೆ. ಕಾಲ ಬಳಿಯ ನುಣುಪಾದ ಹೊಳೆಗಲ್ಲೊಂದನ್ನು ಆರಿಸಿ, ಅಂಗಿಯ ತುದಿಯಿಂದ ಒರೆಸಿ, ಅದು ಹಾರದ ಹಾಗೆ ಮೇಲೆ ಇಡುತ್ತಾರೆ.