ಭಾವನ ಪಾನಕ

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ವರ್ಷ ನನ್ನ ಭಾವ ಅಕ್ಕನ ಎಡಗೈ ಮುರಿದ. ಭಾವನಿಗೆ 'ಮುರಿದರು' ಎನ್ನಬೇಕಂತೆ. ಅನ್ನುವುದಿಲ್ಲ, ಅವನ ತಲೆ!

ರಿಪ್ಪನ್‌ಪೇಟೆಯಲ್ಲಿ ಅವನದೊಂದು ಬಟ್ಟೆ ಅಂಗಡಿ. ಹೇಳಬಾರದ ಜಾಗದಲ್ಲಿ ಅವನಿಗೆ ತುರಿಕೆ, ಉರಿ, ಬಿಳಿ ಬೂಷ್ಟು ಶುರುವಾಯಿತು. ಅವನ ತಾಯಿ "ಉಷ್ಣ ಕಣಾ" ಎಂದು ಚೊಂಬುಗಟ್ಟಲೆ ಬೆಲ್ಲದ ಪಾನಕ ಕುಡಿಸಿದಳು. ಕುಡಿದಷ್ಟೂ ಬಾಯಾರಿಕೆ, ಕುಡಿದಷ್ಟೂ ಉರಿ. ಸ್ವಲ್ಪ ದಿನಕ್ಕೆ ಅಕ್ಕನಿಗೂ ಅದೇ ತುರಿಕೆ ಹತ್ತಿತು. ಅಷ್ಟೇ ಸಾಕಾಯಿತು. ಇದು ಕೆಟ್ಟ ರೋಗ, ಇವಳೇ ಹೊರಗಿನಿಂದ ಹೊತ್ತು ತಂದಿದ್ದು ಎಂದು ತಾಯಿ ಮಗ ತೀರ್ಮಾನಿಸಿದರು. "ಯಾರವ್ನು, ಬೊಗಳು" ಎನ್ನುತ್ತ ಅವನು ಒನಕೆಯಲ್ಲಿ ಬಡಿದ. ತಲೆಗೆ ಬೀಳಲಿದ್ದ ಏಟಿಗೆ ಅಕ್ಕ ಕೈ ಅಡ್ಡ ಹಿಡಿದಳು, ಮೂಳೆ ಲಟಕ್ಕೆಂದಿತು.

ಸುದ್ದಿ ತಿಳಿದು ಅಕ್ಕನ ತವರು ತೀರ್ಥಹಳ್ಳಿಯಿಂದ ನಾನು, ಅವಳ ತಂಗಿ, ಓಡಿ ಹೋದೆ.

"ಕರ್ಕೊಂಡು ಹೋಗು. ರೋಗದ ಹೆಂಗ್ಸು ನಮಗೆ ಬ್ಯಾಡ," ಎಂದ.

"ಯಾರ ರೋಗ ಅಂತ ಡಾಕ್ಟ್ರು ಹೇಳ್ಲಿ. ಧೈರ್ಯ ಇದ್ರೆ ನೀವೂ ಬನ್ನಿ," ಎಂದೆ. ಊರೆಲ್ಲ ಅಕ್ಕನನ್ನು ಜಾರಿದವಳು ಎನ್ನುತ್ತಿತ್ತು; ಆ ಕಳಂಕ ಹೊರಿಸಿಕೊಂಡು ಅವಳು ಆ ಮನೆ ಬಿಡುವುದು ನನಗೆ ಬೇಡವಾಗಿತ್ತು.

ರೋಗ ಅವಳದೇ ಎಂಬ ಹಟದಲ್ಲಿ ಅವನೂ ಬಂದ. ಸಾಗರದ ಡಾಕ್ಟರು ಅಕ್ಕನ ಕೈಗೆ ಪಟ್ಟಿ ಹಾಕಿ, ಇಬ್ಬರ ಮೂತ್ರವನ್ನೂ ನೀಲಿ ದ್ರಾವಣದಲ್ಲಿ ಬೆರೆಸಿ ಕಾಯಿಸಿದರು. ಅಕ್ಕನದು ನೀಲಿಯಾಗಿಯೇ ಉಳಿಯಿತು. ಭಾವನದು ಇಟ್ಟಿಗೆಯ ಹಾಗೆ ಕೆಂಪಾಯಿತು.

"ಸಕ್ಕರೆ ಕಾಯಿಲೆ ಇರೋದು ನಿಮಗೆ. ಇದು ಕೆಟ್ಟ ರೋಗ ಅಲ್ಲ, ಹಿಟ್ಟು ಹುಳಿ ಬರಿಸೋ ಜಾತಿಯ ಬೂಷ್ಟು. ಸಕ್ಕರೆ ತಿಂದು ಬೆಳೆಯುತ್ತೆ, ಕಿಣ್ವ ಅಂತ ರಸ ಬಿಟ್ಟು ಚರ್ಮ ಕರಗಿಸುತ್ತೆ. ನಿಮ್ಮಿಂದ್ಲೇ ಇವರಿಗೆ ಹತ್ತಿದೆ. ಪಾನಕ ಕುಡಿದು ನೀವೇ ಅದನ್ನ ಸಾಕಿದ್ದೀರಿ," ಎಂದರು.

ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ!

ಹೊರಗೆ ಬಂದವನು ತಪ್ಪಾಯಿತು ಅಂತ ಒಂದು ಮಾತೂ ಅನ್ನಲಿಲ್ಲ. "ಆಗಿದ್ದು ಆಗೋಯ್ತು, ಮನೆಗೆ ನಡಿ," ಎಂದ.

"ನಾ ಬರಲ್ಲ," ಎಂದಳು ಅಕ್ಕ.

ಅವನ ಕೈ ಮತ್ತೆ ಮೇಲೆದ್ದಿತು. ನಾನು ಚಪ್ಪಲಿ ಕಳಚಿ ಅವನ ಮುಖಕ್ಕೆ ಬಾರಿಸಿದೆ. ಮೂಗಿನಲ್ಲಿ ರಕ್ತ ಬಂತು. ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ವಾಪಸು ಹೋಗಲು ಎಲ್ಲರಿಗೂ ಇದ್ದದ್ದು ತೀರ್ಥಹಳ್ಳಿಯ ಒಂದೇ ಬಸ್ಸು. ರಿಪ್ಪನ್‌ಪೇಟೆಯಲ್ಲಿ ಅವನು ಇಳಿದ. ಅಕ್ಕ ಏಳಲಿಲ್ಲ. ಅವನು ಕಿಟಕಿಯ ಸರಳು ಗುದ್ದಿದ, ಅವಳ ಸೆರಗು ಹಿಡಿದು ಎಳೆದ, ಸೇರಿದ್ದ ಜನರೆದುರು ಮತ್ತೆ ಅದೇ ಹೊಲಸು ಮಾತು ಕೂಗಿದ. ಡಾಕ್ಟರು ಹೇಳಿದ್ದನ್ನು ಮಾತ್ರ ಬಾಯಿಬಿಡಲಿಲ್ಲ. ಅಕ್ಕ ಒಂದೇ ಕೈಯಲ್ಲಿ ಸೆರಗು ಬಿಡಿಸಿಕೊಂಡು, ಕಂಡಕ್ಟರನತ್ತ ತಿರುಗಿ, "ಹೊರಡಿ ಅಣ್ಣಾ, ನಂದು ತೀರ್ಥಹಳ್ಳಿ," ಎಂದಳು.