ಖಂಡೆಪೂಜೆಯ ದಿನ ತೆರೆದೇ ಉಳಿದ ಬಾಗಿಲು

ಬೀಗ ಹಾಕಿದ ಮನೆಗೂ ಇಂಟರ್ನೆಟ್ ತಂತಿಯ ಮೂಲಕ ಪರರು ಬಂದು ಹೋಗುತ್ತಾರೆಂದರೆ ನಾನು ನಗುತ್ತಿದ್ದೆ. ಕಲಬುರಗಿಯ ಗಾಜಿಪುರದ ನಮ್ಮ ಮನೆಗೆ ಇಪ್ಪತ್ತನಾಲ್ಕು ತಾಸೂ ನಡೆಯುವ ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದಿದ್ದ ಕಾಲ ಅದು. ಪಕ್ಕದ ಮನೆಯ ವಿರೂಪಾಕ್ಷಪ್ಪ ಕಂಪ್ಯೂಟರ್ ರಿಪೇರಿ ಮಾಡುವವರು. "ಸರ, ಪಾಸ್‌ವರ್ಡ್ ಹಾಕ್ರಿ, ಕೆಲಸ ಮುಗದ ಮ್ಯಾಲ ಮೋಡೆಮ್ ಬಂದ್ ಮಾಡ್ರಿ. ಇಲ್ಲಂದ್ರ ದರವಾಜಾ ಖುಲ್ಲಾ ಇಟ್ಟಂಗ ಆಗ್ತದ," ಎಂದು ಎಷ್ಟೋ ಸಲ ಹೇಳಿದ್ದರು. "ನಮ್ಮನ್ಯಾಗ ಕದಿಲಿಕ್ಕ ಏನದ ರೀ, ಬೀಸೋ ಕಲ್ಲಿನ ಹಾಡು!" ಎಂದು ನಾನು ಹಾರಿಸಿಬಿಡುತ್ತಿದ್ದೆ.

ಆ ಹಾಡುಗಳು ನನ್ನ ಅಕ್ಕನವು. ಕಮಲಾಪುರದಲ್ಲಿ ಶಿಕ್ಷಕಿಯಾಗಿದ್ದ ಆಕೆ ಆರು ವರ್ಷ ಓಣಿ ಓಣಿ ತಿರುಗಿ, ಮುದುಕಿಯರ ಎದುರು ಕೂತು ಬರೆದುಕೊಂಡಿದ್ದಳು. ಅಂಥ ತಾಳ್ಮೆ ನನಗೆ ಏಳು ಜನ್ಮಕ್ಕೂ ಬರದು. ಬರೆದ ನೋಟುಪುಸ್ತಕಗಳು ಗೆದ್ದಲು ಹತ್ತಿ ಹಾಳಾಗಿದ್ದವು. ನಾನು ಟೈಪ್ ಮಾಡಿದ್ದಷ್ಟೇ ಉಳಿದಿತ್ತು, ಅದೂ ಈ ಒಂದೇ ಕಂಪ್ಯೂಟರಿನಲ್ಲಿ. ನಮ್ಮ ತೀರಿಹೋದ ಅವ್ವ ಹಾಡುತ್ತಿದ್ದ ಒಂದು ಹಾಡಿನ ಕೊನೆಯ ಮೂರು ಸಾಲು ಅಕ್ಕನಿಗೂ ನೆನಪಿರಲಿಲ್ಲ, ಊರಿನವರಿಗೂ ಇರಲಿಲ್ಲ. ಅಲ್ಲಿ ಚುಕ್ಕೆಗಳನ್ನಿಟ್ಟಿದ್ದೆ.

ಆ ವರ್ಷ ಖಂಡೆಪೂಜೆಯ, ಅಂದರೆ ಆಯುಧಪೂಜೆಯ ಬೆಳಿಗ್ಗೆ ಹೆಂಡತಿ ಕುಡಗೋಲು, ಈಳಿಗೆಗಳ ಜೊತೆ ಕಂಪ್ಯೂಟರಿಗೂ ಮೋಡೆಮಿಗೂ ವಿಭೂತಿ ಹಚ್ಚಿ ಹೂವು ಏರಿಸಿದಳು. ಎರಡೂ ಚಾಲೂ ಇದ್ದವು. ಆರಿಸಲು ಕೈ ಚಾಚಿದೆ. "ಪೂಜಿಗಿ ಇಟ್ಟಿದ್ದು ಬನ್ನಿ ಮುಡಿಯೋತನ ಮುಟ್ಟಬಾರ್ದು ರೀ," ಎಂದಳು. ಸರಿ, ಹಾಗೇ ಬಿಟ್ಟು, ಬಾಗಿಲಿಗೆ ದೊಡ್ಡ ಬೀಗ ಜಡಿದು ಹಬ್ಬಕ್ಕೆಂದು ಅಕ್ಕನ ಮನೆಗೆ ಹೋದೆವು.

ಮೂರನೆಯ ದಿನ ಮುಂಜಾನೆ ಬಂದು ನೋಡಿದರೆ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಆದರೆ ಕಂಪ್ಯೂಟರಿನಲ್ಲಿ, ಹಾಡುಗಳ ಫೋಲ್ಡರಿನೊಳಗೆ ನಾನು ಮಾಡದ ಹೊಸ ಫೈಲೊಂದು ಇತ್ತು. "ಬಾಗಲಾ ತೆರದಿಟ್ಟು ಊರಿಗಿ ಹೋಗಬ್ಯಾಡ್ರಿ," ಎಂದಷ್ಟೇ ಅದರಲ್ಲಿ ಬರೆದಿತ್ತು. ಅಕ್ಕನ ಆರು ವರ್ಷ ಹೋಯಿತೆಂದೇ ತಿಳಿದೆ. ಒಂದೊಂದೇ ಹಾಡು ತೆರೆದೆ. ಒಂದಕ್ಷರವೂ ಹೋಗಿರಲಿಲ್ಲ. ಅಷ್ಟೇ ಅಲ್ಲ, ಅವ್ವನ ಹಾಡಿನಲ್ಲಿ ಚುಕ್ಕೆಗಳಿದ್ದ ಕಡೆ ಮೂರು ಸಾಲುಗಳಿದ್ದವು.

ಅಕ್ಕನಿಗೆ ಫೋನ್ ಹಚ್ಚಿ ಓದತೊಡಗಿದೆ. ಎರಡು ಸಾಲು ಮುಗಿಯುತ್ತಲೇ ಮೂರನೆಯದನ್ನು ಆಕೆಯೇ ಹಾಡಿಬಿಟ್ಟಳು, ಪರದೆಯ ಮೇಲಿದ್ದಂತೆಯೇ. ಆಮೇಲೆ ಅಳುತ್ತ, "ಹೌದೋ ತಮ್ಮಾ, ಅವ್ವ ಹಿಂಗೇ ಹಾಡತಿದ್ಲು. ಎಲ್ಲಿ ಸಿಕ್ತೋ ನಿನಗ?" ಅಂದಳು.

ವಿರೂಪಾಕ್ಷಪ್ಪ ಬಂದು ಪರೀಕ್ಷಿಸಿದರು. ಹಬ್ಬದ ಮಧ್ಯಾಹ್ನ ಹೊರಗಿನವರು ಯಾರೋ ಇಂಟರ್ನೆಟ್ ಮೂಲಕ ಒಳಗೆ ಬಂದು ಹೋಗಿದ್ದಾರೆ, ಯಾರೆಂದು ತಿಳಿಯುವುದಿಲ್ಲ ಎಂದರು. ಅವರನ್ನು ಕಳ್ಳರೆನ್ನಲು ನನಗೆ ಬಾಯಿ ಬರುವುದಿಲ್ಲ. ಎಲ್ಲ ಅಳಿಸಿಹಾಕಬಹುದಿತ್ತು, ಕೊಟ್ಟು ಹೋದರು. ಆ ದೊಡ್ಡತನಕ್ಕೆ ಇಂದಿಗೂ ತಲೆಬಾಗುತ್ತೇನೆ. ಆದರೆ ನಮ್ಮ ಅವ್ವನ ಸಾಲು ಅವರಿಗೆ ಹೇಗೆ ಗೊತ್ತು? ಇಷ್ಟು ವರ್ಷ ತಲೆ ಕೆರೆದುಕೊಂಡರೂ ನನಗೆ ಹೊಳೆದಿಲ್ಲ.

ಅಂದೇ ಸಂಜೆ ಪಾಸ್‌ವರ್ಡ್ ಹಾಕಿಸಿ, ನಡೆದದ್ದನ್ನೆಲ್ಲ ಅಕ್ಕನಿಗೆ ಹೇಳಿದೆ. ಬುದ್ಧಿವಂತರು ಮಾಡುವುದನ್ನೇ ಮಾಡಿದೆ ಎಂದುಕೊಂಡೆ. ಮರುದಿನ ಅಕ್ಕನ ಫೋನ್ ಬಂತು. ಆಕೆಯ ಸಂಗ್ರಹದಲ್ಲಿ ಅರ್ಧಕ್ಕೆ ನಿಂತ ಹಾಡುಗಳು ಇನ್ನೂ ಎರಡು ಇದ್ದವಂತೆ. "ತಮ್ಮಾ, ಎರಡ ದಿನ ಆ ಪಾಸ್‌ವರ್ಡ್ ತೆಗದಿಡ್ತಿ ಏನು?" ಎಂದು ಮೆಲ್ಲಗೆ ಕೇಳಿದಳು. ನನಗೆ ಧೈರ್ಯ ಬರಲಿಲ್ಲ. ಆ ಎರಡು ಹಾಡುಗಳು ಇಂದಿಗೂ ಅರ್ಧವೇ ಇವೆ.