ಬರೆ ಹಾಕಿಸಿಕೊಂಡ ಅಕ್ಕ

ಅಕ್ಕನ ಹೊಕ್ಕುಳಿನ ಎಡಕ್ಕೂ ಬಲಕ್ಕೂ ಕಿರುಬೆರಳಿನುದ್ದದ ಬರೆಗಳಿದ್ದವು. ಸುಟ್ಟ ಚರ್ಮ ಮಾಗಿ ಬದನೆಕಾಯಿ ಸಿಪ್ಪೆಯ ಹಾಗೆ ಮಿರುಗುತ್ತಿತ್ತು. ನಾನು ಆ ಮನೆಗೆ ಸೊಸೆಯಾಗಿ ಹೋದ ಹೊಸತರಲ್ಲಿ, ಬಚ್ಚಲಲ್ಲಿ ಅವಳ ಬೆನ್ನು ಉಜ್ಜುವಾಗ ಕಂಡು, ಏನಕ್ಕಾ ಇದು ಎಂದು ಕೇಳಿದೆ.

"ಮಕ್ಳಾಗ್ಲಿ ಅಂತ ಆಕ್ಸಿದ್ದು. ನೀರು ಉಯ್ಯಿ," ಅಂದಳು.

ಅಕ್ಕ ನನ್ನ ಒಡಹುಟ್ಟಿದವಳಲ್ಲ, ನನ್ನ ಗಂಡನ ಮೊದಲ ಹೆಂಡತಿ. ಯಲಹಂಕದ ಹತ್ತಿರದ ಕೋಗಿಲಿನಲ್ಲಿ ದ್ರಾಕ್ಷಿ ತೋಟವಿದ್ದ ಮನೆ ಅದು. ಅವಳಿಗೆ ಮಕ್ಕಳಾಗಲಿಲ್ಲವೆಂದು ನನ್ನನ್ನು ಅದೇ ಸುತ್ತಿನ ಸಿಂಗಾಪುರವೆಂಬ ಹಳ್ಳಿಯಿಂದ ತಂದುಕೊಂಡರು. ಎರಡನೇ ಮದುವೆ ಕೂಡದೆಂಬ ಕಾನೂನು ಇನ್ನೂ ಬಂದಿರಲಿಲ್ಲ. ಲೋಯರ್ ಸೆಕೆಂಡರಿ ಪಾಸು ಮಾಡಿದ್ದ ನನಗೆ ಆಗ ಹದಿನೇಳು.

ಸವತಿ ಎಂದರೆ ಕೂದಲು ಹಿಡಿದು ಎಳೆಯುವವಳು ಎಂದು ಹೆದರಿಕೊಂಡೇ ಹೋಗಿದ್ದೆ. ಅವಳು ನನ್ನ ತಟ್ಟೆಯನ್ನು ತನ್ನ ತಟ್ಟೆಯ ಪಕ್ಕಕ್ಕೆ ಎಳೆದುಕೊಂಡಳು. ಬೆಳಗಾಗುವ ಮೊದಲೇ ತೋಟಕ್ಕೆ ಹೋಗಿ, ಹಂಬು ಕಟ್ಟುತ್ತ, ಕಾಯಿ ಬಿಡದ ಬಳ್ಳಿಗಳನ್ನು ಗೊಣಗಿಕೊಂಡೇ ಬೈಯುವಳು. ಬೆಲ್ಲ ಸುತ್ತಿ ತಂದ ಪತ್ರಿಕೆ ಚೂರನ್ನು ಬಿಡಿಸಿ ನನ್ನ ಕೈಗೆ ಕೊಟ್ಟು, "ಓದು, ಏನಾಯ್ತಂತೆ ಲೋಕದಾಗೆ?" ಅನ್ನುವಳು. ಅತ್ತೆ ದಿನವೂ ಬಂಜೆ ಎಂದು ಜರಿದರೂ ಅವಳದು ಒಂದೇ ಉತ್ತರ: "ಕೇಳ್ತು ಕಣತ್ತೆ." ಆ ತಾಳ್ಮೆಯನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು.

ಮೂರು ವರ್ಷ ಕಳೆದರೂ ನನಗೂ ಏನೂ ಆಗಲಿಲ್ಲ. ಜರಿಯುವ ಮಾತು ನನ್ನ ಕಡೆಗೂ ತಿರುಗಿತು. ಒಂದು ದಿನ ಅತ್ತೆ ಬರೆ ಹಾಕುವವನನ್ನು ಕರೆಸಿದರು. ಅಂಗಳದಲ್ಲಿ ಕೆಂಡ ಮಾಡಿ ಕಬ್ಬಿಣದ ಸಲಾಕೆ ಕಾಯಿಸಿದರು. ಗಂಡ ಜಗಲಿಯ ಮೇಲೆ ತನ್ನ ಸೋದರಮಾವನ ಜೊತೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ. ನೋಡಲು ಕೇರಿಯವರೂ ಸೇರಿದ್ದರು; ಇಬ್ಬರು ಹೆಂಗಸರು ನನ್ನ ತೋಳು ಹಿಡಿದಿದ್ದರು.

ತೋಟದಿಂದ ಬಂದ ಅಕ್ಕ ನೀರಿನ ಬಿಂದಿಗೆಯನ್ನು ಹಾಗೇ ಕೆಂಡದ ಮೇಲೆ ಬಗ್ಗಿಸಿದಳು. ಅಷ್ಟು ಜನ ಗಂಡಸರ ಎದುರಿಗೆ ಸೀರೆ ಸರಿಸಿ ಹೊಟ್ಟೆ ತೋರಿಸಿದಳು.

"ನನ್ಗೆ ಆಕಿದ್ದು ಸಾಲ್ದಾ? ಇವ್ಳ್ಗೆ ಆಕಾಕೆ ನಾನು ಬಿಡಾಕಿಲ್ಲ. ದೋಸ ಇವ್ಳದಲ್ಲ, ನಂದೂ ಅಲ್ಲ. ಯಸವಂತಪುರದ ಡಾಕ್ಟ್ರಮ್ಮ ಅವತ್ತೇ ನೋಡಿ ಏಳಿದ್ರು, ನಿನ್ಗೇನೂ ಆಗಿಲ್ಲ, ಯಜಮಾನ್ನ ಕರ್ಕೊಂಡ್ ಬಾ ಅಂತ. ಕರ್ದಿದ್ಕೆ ಚೆಂಬು ತಗೊಂಡು ಒಡುದ್ರು. ಆಮೇಲೆ ಈ ಉಡ್ಗೀನ ತಂದ್ರು."

ಗಂಡ ಎದ್ದು ಬಂದು ಅವಳ ಕೆನ್ನೆಗೆ ಬಿಟ್ಟ. ಅವಳು ಅಲುಗಲಿಲ್ಲ.

"ಒಡೀರಿ. ಮದ್ವೆ ಆದ ವರ್ಸ ಮಂಗನಬಾವು ಬಂದು ಕೆಳಕ್ಕಿಳ್ದು, ನಡ್ಯಾಕೂ ಆಗ್ದೆ ಮಲಗಿದ್ರಲ್ಲ, ಸೊಪ್ಪು ಬಿಸಿ ಮಾಡಿ ಕಟ್ಟಿದ್ದು ನಾನೇ ತಾನೆ? ಡಾಕ್ಟ್ರಮ್ಮ ಅದ್ನೂ ಕೇಳಿ ತಿಳ್ಕಂಡವ್ರೆ."

ಕೊನೆಗೆ ಸೋದರಮಾವ, "ಇವಳ ಬಾಯಿ ಮುಚ್ಚಿಸೋಕಾದ್ರೂ ಹೋಗಿ ತೋರಿಸ್ಕೊಂಡು ಬಾರಯ್ಯ," ಅಂದರು. ಆ ಹಟಕ್ಕೇ ಅವನು ಹೊರಟ. ಯಲಹಂಕದಲ್ಲಿ ರೈಲು ಹತ್ತಿ ಮೂವರೂ ಯಶವಂತಪುರಕ್ಕೆ ಹೋದೆವು.

ಡಾಕ್ಟರಮ್ಮ ಅವನನ್ನು ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿ, ವೀರ್ಯವನ್ನು ಎರಡು ಸಲ ಪರೀಕ್ಷೆ ಮಾಡಿಸಿದರು. ಆಮೇಲೆ ಮೂವರನ್ನೂ ಕೂರಿಸಿಕೊಂಡು ಹೇಳಿದರು: "ಮಂಗನಬಾವು ದೊಡ್ಡವರಿಗೆ ಬಂದಾಗ ಕೆಲವರಿಗೆ ವೃಷಣಕ್ಕೆ ಇಳಿಯುತ್ತೆ. ಎಲ್ಲರಿಗೂ ಹೀಗಾಗಲ್ಲ. ಇವರಿಗೆ ಎರಡೂ ಕಡೆ ಬತ್ತಿಹೋಗಿದೆ, ವೀರ್ಯದಲ್ಲಿ ವೀರ್ಯಾಣುವೇ ಇಲ್ಲ. ಗಂಡಸ್ತನಕ್ಕೇನೂ ಕಮ್ಮಿ ಇಲ್ಲ, ಮಕ್ಕಳಾಗಲ್ಲ ಅಷ್ಟೆ. ಇದನ್ನ ಸರಿಮಾಡೋ ಔಷಧ ನಮ್ಮಲ್ಲಿಲ್ಲ. ಒಂದು ಮಗು ತಂದು ಸಾಕ್ಕೊಳ್ಳಿ."

ಅವನು ಸಾಕಲಿಲ್ಲ. ಡೇರೆ ಹಾಕಿಕೊಂಡು ಕೂತಿದ್ದವನೊಬ್ಬನ ಲೇಹ್ಯ ತಿಂದು ಬಾಯಿ ಹುಣ್ಣು ಮಾಡಿಕೊಂಡ. ಊರಿನಲ್ಲಿ ಮಾತ್ರ, ನನ್ನದೇನೂ ಇಲ್ಲ ಅಂತ ಡಾಕ್ಟರೇ ಹೇಳಿದರು, ಇಬ್ಬರೂ ಬಂಜೆಯರೇ ಗಂಟುಬಿದ್ದರು ಎಂದು ಹೇಳಿಕೊಂಡು ತಿರುಗಿದ. ಊರು ನಂಬಿತು. ಅಂಗಳದಲ್ಲಿ ನಿಂತು ಕೇಳಿದ್ದವರೂ ನಂಬಿದರು.

ಅಕ್ಕ ನನ್ನ ಬಟ್ಟೆ ಗಂಟು ಕಟ್ಟಿ, ಸಿಂಗಾಪುರಕ್ಕೆ ತಾನೇ ಕರೆದುಕೊಂಡು ಹೋದಳು. ನಮ್ಮಪ್ಪನಿಗೆ, "ಇವ್ಳು ಓದ್ತಾಳೆ ಕಣಣ್ಣ, ಓದ್ಸು. ವಾಪಸ್ ಕಳಿಸ್ಬ್ಯಾಡ," ಅಂದಳು. ನೀನೂ ಇಲ್ಲೇ ಇದ್ದುಬಿಡಕ್ಕ ಎಂದು ಕೈ ಹಿಡಿದುಕೊಂಡೆ.

"ನನ್ ತವ್ರು ಮಾಕಳೀಲಿ ಅಪ್ಪ ಅಮ್ಮ ಓಗಿ ಆಯ್ತು. ನನ್ಗೆ ಓದೂ ಇಲ್ಲ. ಇಬ್ರ್ ಬಾಳೂ ಯಾಕೆ ಆಳಾಗ್ಬೇಕು, ಬಿಡು," ಅಂದು ತಿರುಗಿ ನೋಡದೆ ಹೋದಳು.

ನಾನು ಟ್ರೈನಿಂಗ್ ಮುಗಿಸಿ ಮೇಷ್ಟರಮ್ಮನಾದೆ. ಅವಳು ಅದೇ ಮನೆಯಲ್ಲಿ, ಅದೇ ಮಾತು ಕೇಳಿಕೊಂಡು ಹತ್ತು ವರ್ಷಕ್ಕೂ ಹೆಚ್ಚು ದುಡಿದಳು. ಅರವತ್ತರ ದಶಕದ ಕೊನೆಯಲ್ಲಿ ಕಾಮಾಲೆ ಬಂದು ತೀರಿಕೊಂಡಳೆಂದು ಯಾರೋ ಹೇಳಿ ಕಳಿಸಿದರು. ನಾನು ಹೋದಾಗ ಅಂಗಳದಲ್ಲಿ ಮಲಗಿಸಿದ್ದರು. ಮುತ್ತೈದೆ ಸಾವು, ಮಡಿಲು ತುಂಬಬೇಕು. ಅಕ್ಕಿಯ ಮೊರ ಹಿಡಿದ ಹೆಂಗಸು, "ಬಂಜೆಗೆ ಮಡ್ಲು ಯಾತಕ್ಕೆ?" ಎಂದು ಹಿಂದೆ ಸರಿದಳು. ಗಂಡ ನಾಲ್ಕು ಮಾರು ದೂರದಲ್ಲಿ ನಿಂತಿದ್ದ. ಅವನ ಮುಖವನ್ನೇ ನೋಡಿದೆ, ಇವತ್ತಾದರೂ ಹೇಳಲಿ ಎಂದು. ಅವನು ಚಟ್ಟದ ಬಿದಿರನ್ನು ಅಲುಗಾಡಿಸಿ, ಗಟ್ಟಿ ಇದೆಯೇ ಎಂದು ನೋಡುತ್ತಿದ್ದ.

ಮೊರ ಕಿತ್ತುಕೊಂಡು ನಾನೇ ಅವಳ ಮಡಿಲು ತುಂಬಿದೆ. ಅಕ್ಕಿ ಚೆಲ್ಲದ ಹಾಗೆ ಸೆರಗು ಬಿಗಿಯಾಗಿ ಕಟ್ಟಿ ಎದ್ದೆ. ಆ ಮನೆಯಲ್ಲಿ ನೀರೂ ಕುಡಿಯದೆ ಸ್ಟೇಷನ್ನಿನವರೆಗೂ ನಡೆದೆ.